ಇಲ್ಲದ ಬಾಜೂ ಮನಿ

ನಮ್ಮ ಅಲ್ಲಾಉದ್ದೀನ ಮಾಮಾ ಈಗ ಗದಗಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾರೆ, ಬೆಟಗೇರಿಯಲ್ಲಿ ಬಾಡಿಗೆ ಮನೆ, ಸೈಕಲ್ ಮೇಲೆ ಓಡಾಟ, ಕ್ಲಾಸಿನಲ್ಲಿ ಮಾತು ಶುರುಮಾಡಿದರೆ ಗಂಟೆ ಬಾರಿಸಿದ್ದೂ ಕೇಳಿಸುವುದಿಲ್ಲ. ಅಂಥ ಮಾತಿನ ಮನುಷ್ಯ ಯಾರದಾದರೂ ಮನೆಗೆ ಊಟಕ್ಕೆ ಹೋದಾಗ, ಒಳಗಿನಿಂದ ಹುರಿದ ಮಸಾಲೆಯ ಘಮ ಬಂತೆಂದರೆ ಸಾಕು, ಮಾತು ನಿಲ್ಲಿಸಿ ತಲೆ ತಗ್ಗಿಸಿಬಿಡುತ್ತಾರೆ. ಯಾಕೆ ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ಹೋದ ರಂಜಾನ್ ಹಬ್ಬಕ್ಕೆ ನಮ್ಮಮ್ಮ ಬಾನುಬಿ, ಅಂದರೆ ಮಾಮಾನ ಅಕ್ಕ, ಸುರಕುಂಬಾ ಪಾಯಸಕ್ಕೆ ಶಾವಿಗೆ ಹುರಿಯುತ್ತಾ ಎಲ್ಲ ಹೇಳಿದಳು. ಮಾಮಾ ಅಲ್ಲೇ ಬಾಗಿಲಿಗೆ ಒರಗಿ ಕೂತಿದ್ದರು, ಬೇಡ ಅನ್ನಲಿಲ್ಲ, ಅಮ್ಮ ಬಿಟ್ಟ ಕಡೆ ತಾವೇ ಸೇರಿಸಿದರು. ಕೇಳಿದಾಗಿನಿಂದ ಯಾರಿಗಾದರೂ ಹೇಳಬೇಕು ಅನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ತಂದೆ ಶೇಖಸಾಬ, ನಾವು ಅವರನ್ನು ನಾನಾ ಅನ್ನುತ್ತೇವೆ. ನಾನಾನ ಮನೆ ಶಿರಹಟ್ಟಿ ತಾಲೂಕಿನಲ್ಲಿ, ಮಾಗಡಿಯ ಕೆರೆ ದಾಟಿ ಹೊಲಗಳ ನಡುವೆ ಒಂಟಿಯಾಗಿದೆ. ಊರು ಅತ್ತ, ಮನೆ ಇತ್ತ, ನಡುವೆ ಶೇಂಗಾ, ಕಡಲೆ, ಜೋಳ. ಥಂಡಿ ಶುರುವಾದರೆ ಆ ಕೆರೆಗೆ ಹಿಮಾಲಯದ ಆಚೆಯಿಂದ ದೊಡ್ಡ ಬಾತುಗಳು ಬಂದು ಇಳಿಯುತ್ತವೆ, ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಕರಿ ಪಟ್ಟಿ. ಬಿಸಿಲಿರುವ ತನಕ ನೀರಿನಲ್ಲಿ ಕೂತು, ಹೊತ್ತು ಇಳಿದ ಮೇಲೆ ಹೊಲಗಳಿಗೆ ಬಂದು ಮೇಯುತ್ತವೆ. ಊರಿನವರು ಅವನ್ನು ಮುಟ್ಟುತ್ತಿರಲಿಲ್ಲ, ದೂರದಿಂದ ಬಂದಾವು, ಇದ್ದು ಹೋಗಲಿ ಅನ್ನುವವರೇ ಎಲ್ಲ.

ಮುಟ್ಟುತ್ತಿದ್ದ ಮನೆ ಒಂದೇ, ಅದು ನಮ್ಮ ನಾನಾನ ಮನೆ. ಹಾಗಂತ ದಿನಾ ಅಲ್ಲ, ಬೀಗರೋ ದೊಡ್ಡವರೋ ಬಂದಾಗ ಮಾತ್ರ. ನಾನಾ ಹೊಲದಲ್ಲಿ ಉರುಳು ಹಾಕಿ ಒಂದು ಹಕ್ಕಿ ಹಿಡಿಯುವುದು, ಬಿಸ್ಮಿಲ್ಲಾ ಹೇಳಿ ಕೊಯ್ಯುವುದು, ನಾನಿ ಗುಲಾಬಬಿ ಒಣಕೊಬ್ಬರಿ, ಗಸಗಸೆ, ಲವಂಗ ಹುರಿದು ಕಲ್ಲಿನ ಮೇಲೆ ಅರೆಯುವುದು. ಆ ಸಾರಿನ ಹೆಸರು ಲಕ್ಷ್ಮೇಶ್ವರದ ಪೇಟೆಯವರೆಗೂ ಹೋಗಿತ್ತು. ಥಂಡಿ ದಿನದಲ್ಲಿ ಶೇಖಸಾಬನ ಮನೆಗೆ ಹೋದವನು ಬರೀ ಕೋಳಿ ತಿಂದು ಬಂದ ಅಂದರೆ, ಅವನ ಮೇಲೆ ಶೇಖಸಾಬನಿಗೆ ಮನಸ್ಸಿಲ್ಲ ಅಂತಲೇ ಜನ ತಿಳಿಯುತ್ತಿದ್ದರು.

ಮಾಮಾ ಧಾರವಾಡಕ್ಕೆ ಎಂ.ಎ. ಓದಲು ಹೋದದ್ದು ಎಂಬತ್ತಮೂರರಲ್ಲಿ. ವಿಷಯ ರಾಜ್ಯಶಾಸ್ತ್ರ, ಅದರಲ್ಲೂ ಅಂತರರಾಷ್ಟ್ರೀಯ ಸಂಬಂಧಗಳು. ಹೊರಡುವ ದಿನ ನಾನಾ ಕೇಳಿದರಂತೆ.

“ಏನ್ ಕಲಸ್ತಾರಪಾ ಅಲ್ಲಿ?”

“ಒಂದ ದೇಶ ಇನ್ನೊಂದ ದೇಶದ ಕೂಡ ಹ್ಯಾಂಗ ಇರಬೇಕು ಅನ್ನೂದು, ಅಬ್ಬಾ.”

“ಅದಕ್ಕ ಎರಡ ವರ್ಷ ಬೇಕೇನು? ಮನಿಗೆ ಬಂದವರಿಗೆ ಹೊಟ್ಟಿ ತುಂಬ ಹಾಕಿ ಕಳಸಿದ್ರ ಆತು.”

ಮಾಮಾ ನಕ್ಕು ಟ್ರಂಕು ಎತ್ತಿಕೊಂಡರು.

ಧಾರವಾಡದಲ್ಲಿ ಎಲ್ಲ ಚೆನ್ನಾಗೇ ಇತ್ತು. ಹಾಸ್ಟೆಲಿನಲ್ಲಿ ಜೊತೆಗಿದ್ದವನು ಮುಂಡರಗಿಯ ಹೇಮಪ್ಪ, ಬಾಯಿ ಜೋರು, ಮನಸ್ಸು ಬೆಣ್ಣೆ. ಕಲಿಸುವ ಪ್ರೊಫೆಸರ್ ಕಾರವಾರ ಕಡೆಯವರು, ಬಿಳಿ ಕೂದಲು, ಮೆಲು ಮಾತು. ಆ ನವೆಂಬರಿನಲ್ಲಿ ಅವರು ಕ್ಲಾಸಿಗೆ ಒಂದು ಸುದ್ದಿ ತಂದರು. ದೇಶದಿಂದ ದೇಶಕ್ಕೆ ವಲಸೆ ಹೋಗುವ ಪ್ರಾಣಿ ಪಕ್ಷಿಗಳನ್ನು ಉಳಿಸಲು ಜರ್ಮನಿಯ ಬಾನ್ ನಗರದಲ್ಲಿ ಹಲವು ದೇಶಗಳು ಕೂಡಿ ಒಪ್ಪಂದ ಮಾಡಿಕೊಂಡಿದ್ದವು, ಈಗ ಭಾರತವೂ ಅದಕ್ಕೆ ಸೇರಿತ್ತು. ಆಮೇಲೆ ಯಾರು ಯಾವ ವಿಷಯದ ಮೇಲೆ ಪ್ರಬಂಧ ಬರೆಯುತ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಒಬ್ಬ ವಿಶ್ವಸಂಸ್ಥೆ ಅಂದ, ಒಬ್ಬ ಶೀತಲ ಸಮರ ಅಂದ, ಮಾಮಾನ ಸರದಿ ಬಂದಾಗ ಎದ್ದು ನಿಂತರು. ಹಿಂದಿನ ಬೆಂಚಿನಿಂದ ಹುಬ್ಬಳ್ಳಿಯ ಒಬ್ಬ ಹುಡುಗ ಚುಚ್ಚಿದ.

“ಅವರ ಕಡೆ ಏನ್ ಐತ್ರಿ ಸರ್ ಅಂತರರಾಷ್ಟ್ರೀಯ? ಭಾಳಂದ್ರ ಮಾಗಡಿ ಕೆರಿ.”

ಕ್ಲಾಸೆಲ್ಲ ನಕ್ಕಿತು. ಮಾಮಾನ ಕಿವಿ ಕೆಂಪಾಯಿತು.

“ಹೌದ್ರಿ ಸರ್, ಮಾಗಡಿ ಕೆರೀನ,” ಅಂದರು. ಆಮೇಲೆ ತಡೆಯಲಿಲ್ಲ, ಹಕ್ಕಿಗಳು ಬರುವುದು, ಇಳಿಯುವುದು, ಹಾರುವಾಗಿನ ಸಪ್ಪಳ, ಎಲ್ಲ ಹೇಳಿದರು. “ಆ ಒಪ್ಪಂದ ಮಾಡಾಕ ಅಷ್ಟ ದೇಶದವರು ಕೂತು ಸಹಿ ಹಾಕಬೇಕಾತ್ರಿ. ನಮ್ಮ ಕಡೆ ಸಹಿ ಇಲ್ಲದನ ನಡದೈತಿ. ಒಬ್ಬರಂದ್ರ ಒಬ್ಬರೂ ಹಕ್ಕಿ ಮುಟ್ಟಂಗಿಲ್ರಿ.”

ನಗು ನಿಂತಿತು. ಒಂದು ಮನೆ ಬಿಟ್ಟು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ, ಆದರೆ ಆ ನಿಶ್ಶಬ್ದ ಅಷ್ಟು ಸಿಹಿಯಾಗಿತ್ತು, ನುಂಗಿಬಿಟ್ಟೆ ಅಂತ ಮಾಮಾ ಅಂಗಳದ ಕಡೆ ನೋಡುತ್ತಾ ಹೇಳಿದರು. ಪ್ರೊಫೆಸರ್ ಕನ್ನಡಕ ತೆಗೆದು, “ಇದೇ ನಿಮ್ಮ ವಿಷಯ. ಇದೇ ಮಾತಿನಿಂದ ಶುರುಮಾಡಿ,” ಅಂದರು.

ರೂಮಿಗೆ ಬಂದ ಮೇಲೆ ಹೇಮಪ್ಪ ಕಾಟಿನ ಮೇಲೆ ಬಿದ್ದುಕೊಂಡು ಕೇಳಿದ.

“ಖರೇನ ಒಬ್ಬರೂ ಮುಟ್ಟಂಗಿಲ್ಲೇನಲೇ?”

“ಊರಾಗ ಮುಟ್ಟಂಗಿಲ್ಲ.”

“ಊರ ಹೊರಗ?”

ಮಾಮಾ ಪುಸ್ತಕ ಮುಖಕ್ಕೆ ಅಡ್ಡ ಹಿಡಿದರು. ಹೇಮಪ್ಪನಿಗೆ ಉತ್ತರ ಸಿಕ್ಕಿತು.

ಪ್ರಬಂಧದ ಮೊದಲ ಅಧ್ಯಾಯವನ್ನು ಮಾಮಾ ಅದೇ ಮಾತಿನಿಂದ ಬರೆದರು. ಪ್ರೊಫೆಸರ್ ಓದಿ ಎಷ್ಟು ಖುಷಿಪಟ್ಟರೆಂದರೆ ಹೊಸ ವರ್ಷದ ಹೊತ್ತಿಗೆ, “ನಡೆಯಿರಿ, ಎಲ್ಲರೂ ಹೋಗಿ ನೋಡಿ ಬರೋಣ,” ಅಂದುಬಿಟ್ಟರು. ಲಕ್ಷ್ಮೇಶ್ವರದಲ್ಲಿ ವಸ್ತಿ, ಬೆಳಿಗ್ಗೆ ಕೆರೆ, ಮಧ್ಯಾಹ್ನದ ಊಟ ಅಲ್ಲಾಉದ್ದೀನನ ಮನೆಯಲ್ಲಿ. ಮಾಮಾ ಎಲ್ಲರಿಗಿಂತ ಮೊದಲು ಊರಿಗೆ ಓಡಿ ಬಂದರು. ನಾನಾ ಆಗಲೇ ಅಂಗಳ ಸಾರಿಸಿ, ನಮ್ಮಮ್ಮನನ್ನು ಗದಗಿನಿಂದ ಕರೆಸಿ, ಜಮಖಾನ ಬಿಸಿಲಿಗೆ ಹಾಕಿಸಿ ಕೂತಿದ್ದರು.

“ಅಬ್ಬಾ, ಕೋಳಿ ಮಾಡ್ರಿ. ಸಾಕು,” ಅಂದರು ಮಾಮಾ.

“ಕೋಳಿ? ಬಾನುನ ಕಡೆ ಬೀಗರು ಬಂದಾಗ ಹಕ್ಕಿ, ನಿನ್ನ ಗುರುಗಳಿಗೆ ಕೋಳಿ?”

“ಅವರಿಗೆ ಹಕ್ಕಿ ಸೇರಂಗಿಲ್ಲ.”

“ಸೇರದವರು ಹಕ್ಕಿ ಸಲುವಾಗಿ ಧಾರವಾಡದಿಂದ ಬರ್ತಾರೇನು?” ನಾನಾ ನಕ್ಕರು. “ನೀ ಓದೂದು ನೋಡ್ಕೋ. ಮನಿಗೆ ಬಂದವರನ್ನ ನಾ ನೋಡ್ಕೋತೇನಿ.”

ಅಲ್ಲಿ ಹೇಳಬೇಕಿತ್ತು. ನಾನು ಹೀಗೆ ಬರೆದೇನಿ, ನಮ್ಮ ಮನೆಯನ್ನೇ ಬಿಟ್ಟು ಬರೆದೇನಿ ಅಂತ ಒಂದು ಮಾತು. ಆದರೆ ಹಾಗೆ ಹೇಳುವುದೆಂದರೆ, ನಿಮ್ಮ ಉಣಿಸುವ ಕೈಯ ಬಗ್ಗೆ ಧಾರವಾಡದಲ್ಲಿ ನನಗೆ ನಾಚಿಕೆ ಬಂತು ಅಂತ ಅಪ್ಪನ ಮುಖಕ್ಕೇ ಹೇಳಿದಂತೆ. ಮಾಮಾ ಮತ್ತೊಮ್ಮೆ ಕೋಳಿ ಅಂದರು, ನಾನಾ ಹೂಂ ಅಂದ ಹಾಗೆ ಅನಿಸಿತು, ಅಷ್ಟನ್ನೇ ನಂಬಿಕೊಂಡು ಪ್ರೊಫೆಸರನ್ನು ಎದುರುಗೊಳ್ಳಲು ಲಕ್ಷ್ಮೇಶ್ವರಕ್ಕೆ ಹೋದರು.

ಮರುದಿನ ಬೆಳಿಗ್ಗೆ ಕೆರೆ ನೋಡಬೇಕಿತ್ತು ಅನ್ನುತ್ತಾರೆ ಮಾಮಾ, ಅಷ್ಟು ಹಕ್ಕಿ ಯಾವತ್ತೂ ಬಂದಿರಲಿಲ್ಲ, ನೀರು ಕಾಣಿಸುತ್ತಿರಲಿಲ್ಲ. ಹುಬ್ಬಳ್ಳಿಯ ಹುಡುಗನೂ ಬಾಯಿ ಮುಚ್ಚಿಕೊಂಡು ನಿಂತಿದ್ದ. ನಾನಾ ಬಿಳಿ ಅಂಗಿ, ಹೊಸ ಪಟಗಾ ಸುತ್ತಿಕೊಂಡು ಕೆರೆಯ ಏರಿಗೇ ಬಂದರು, ಅತಿಥಿಗಳನ್ನು ಕೈಹಿಡಿದು ಮನೆಗೆ ಕರೆದೊಯ್ಯಬೇಕು ಅಂತ. ಪ್ರೊಫೆಸರ್ ಅವರ ಎರಡೂ ಕೈ ಹಿಡಿದುಕೊಂಡರು.

“ಶೇಖಸಾಬರೇ, ನಿಮ್ಮನ್ನು ನೋಡಬೇಕು ಅಂತಲೇ ಬಂದೆ. ದೊಡ್ಡ ದೊಡ್ಡ ದೇಶಗಳು ಕಾಗದದ ಮೇಲೆ ಬರೆದುಕೊಂಡದ್ದನ್ನು ನೀವು ಹಾಗೇ ನಡೆಸಿಕೊಂಡು ಬಂದಿದ್ದೀರಿ. ಇಲ್ಲಿ ಒಬ್ಬರೂ ಒಂದು ಹಕ್ಕಿಯನ್ನೂ ಮುಟ್ಟುವುದಿಲ್ಲ ಅಂತ ನಿಮ್ಮ ಮಗ ಬರೆದಿದ್ದಾನೆ. ನಾನು ಕ್ಲಾಸಿನಲ್ಲಿ ಓದಿ ಹೇಳಿದ್ದೇನೆ.”

ನಾನಾ ಮಗನ ಕಡೆ ನೋಡಿದರು. ಮಗ ನೀರಿನ ಕಡೆ ನೋಡಿದ.

“ಹೌದ್ರಿ ಸಾಹೇಬ್ರ,” ಅಂದರು ನಾನಾ. “ಯಾರೂ ಮುಟ್ಟಂಗಿಲ್ರಿ.” ಕೈ ಮೆಲ್ಲಗೆ ಬಿಡಿಸಿಕೊಂಡರು. “ನೀವು ಸಾವಕಾಶ ನೋಡಿಕೋತ ಬರ್ರಿ. ನಾ ಮುಂದ ಹೋಗಿರ್ತೇನ್ರಿ, ಮನ್ಯಾಗ ಹೇಳೂದೈತಿ.”

ಮಾಮಾನಿಗೆ ಅಲ್ಲೇ ತಿಳಿಯಿತು, ಕೋಳಿ ಆಗಿಲ್ಲ.

ಇಲ್ಲಿಂದ ನಮ್ಮಮ್ಮ ಕಂಡದ್ದು. ನಾನಾ ಯಾವತ್ತೂ ಅವಸರ ಮಾಡಿದ ಮನುಷ್ಯನಲ್ಲ, ಆವತ್ತು ಪಟಗಾ ಬಗಲಲ್ಲಿ ಇಟ್ಟುಕೊಂಡು ಕಡಲೆ ಹೊಲದಲ್ಲಿ ಹಾದು ಓಡಿ ಬಂದರು.

“ಪಾತೇಲಿ ಎತ್ರಿ. ಎಲ್ಲೆರ ಮುಚ್ಚಿಡ್ರಿ.”

ನಾನಿ ಸೌಟು ಹಿಡಿದವಳು ಹಾಗೇ ನಿಂತಳು. “ಯಾಕ? ಬರಂಗಿಲ್ಲಂತೇನು?”

“ಬರಾಕತ್ತಾರ. ಅದಕ್ಕ ಎತ್ತು ಅಂತೇನಿ.”

“ಮತ್ತ ಅವರಿಗೆ ಏನ್ ಹಾಕ್ಲಿ, ನನ್ನ ತಲಿ?”

“ರೊಟ್ಟಿ ಅದಾವಲ್ಲ. ಜುಣಕ ತಿರುವು.”

“ನಿಮಗೇನ್ ಆಗೈತ್ರಿ? ಊರ ಮಂದಿ ಏನಂದಾರು? ಮಗನ ಗುರುಗಳು ಬಂದ್ರ ಶೇಖಸಾಬ ಕಡ್ಲಿ ಹಿಟ್ಟ ಉಣಿಸಿದ ಅಂತಾರ.”

ನಾನಾ ಹೊಸ್ತಿಲ ಮೇಲೆ ಕೂತು ಉಸಿರು ಬಿಟ್ಟರು. “ನಾವು ಹಕ್ಕಿ ಮುಟ್ಟಂಗಿಲ್ಲ ಅಂತ ಮಗ ಹೇಳ್ಯಾನ.”

“ಯಾರಿಗೆ ಹೇಳ್ಯಾನ?”

“ಎಲ್ಲಾರಿಗೂ.”

ನಾನಿ ಸೌಟು ಕೆಳಗಿಟ್ಟಳು. ಅಮ್ಮ ಮತ್ತು ಅವಳು ಕೂಡಿ ಹಕ್ಕಿಯ ಸಾರು ಕುದಿಯುತ್ತಿದ್ದ ಪಾತೇಲಿಯನ್ನು ದನದ ಮನೆಗೆ ಹೊತ್ತೊಯ್ದು, ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕಿ ಬಂದರು. ಕೋಳಿ ಹಿಡಿದು ಕೊಯ್ಯಲು ಹೊತ್ತಿರಲಿಲ್ಲ, ಅತಿಥಿಗಳು ಹೊಲದ ಬದುವಿನ ಮೇಲೆ ಕಾಣುತ್ತಿದ್ದರು.

ಎಲ್ಲರೂ ಕೈಕಾಲು ತೊಳೆದು ಜಮಖಾನದ ಮೇಲೆ ಸಾಲಾಗಿ ಕೂತರು. ಜೋಳದ ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಹೆಸರು ಇಡುವ ಊಟವಲ್ಲ, ಆದರೆ ಬುಟ್ಟಿ ಮುಚ್ಚಿದರೆ ಘಮ ಮುಚ್ಚುತ್ತದೆಯೇ, ಬೆಳಗಿನಿಂದ ಕುದ್ದ ಮಸಾಲೆ ಗೋಡೆಯಲ್ಲಿ, ತೊಲೆಯಲ್ಲಿ, ನಾನಿಯ ಸೆರಗಿನಲ್ಲಿ ಕೂತುಬಿಟ್ಟಿತ್ತು. ಒಬ್ಬೊಬ್ಬರೂ ಮೂಗು ಅರಳಿಸಿ ಒಲೆಯ ಕಡೆ ನೋಡುವುದು, ತಟ್ಟೆ ನೋಡುವುದು, ಕಾಯುವುದು. ಪ್ರೊಫೆಸರ್ ಏನೂ ಕಪಟವಿಲ್ಲದೆ ಕೇಳಿದರು.

“ಏನೋ ಬಹಳ ಘಮಘಮ ಅಂತಿದೆಯಲ್ಲ?”

ನಾನಾ ಮಜ್ಜಿಗೆ ಬಗ್ಗಿಸುತ್ತಿದ್ದರು. ತಲೆ ಎತ್ತದೆ ಹೇಳಿದರು. “ಬಾಜೂ ಮನ್ಯಾಗ್ರಿ.”

ಬಾಗಿಲು ತೆರೆದೇ ಇತ್ತು. ಬಾಗಿಲಿನಾಚೆ ಹೊಲ, ಹೊಲದಾಚೆ ಹೊಲ, ಆಮೇಲೆ ಆಕಾಶ. ಎಲ್ಲರೂ ಆ ಹೊಲಗಳನ್ನು ದಾಟಿಯೇ ನಡೆದು ಬಂದಿದ್ದರು. ಎಲ್ಲರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಹೇಮಪ್ಪ ಗಂಟಲು ಸರಿಮಾಡಿಕೊಂಡ.

“ಹೌದ್ರಿ ಸರ್. ಈ ಕಡೆ ಗಾಳಿ ವಾಸನಿ ಭಾಳ ದೂರಿಂದ ತರತೈತ್ರಿ.”

ಪ್ರೊಫೆಸರ್ ತಟ್ಟೆ ನೋಡಿದರು. ಒಂದು ತುತ್ತು ಮುರಿದು ಜುಣಕದಲ್ಲಿ ಅದ್ದಿದರು.

“ಜುಣಕ ಬಹಳ ಚೆನ್ನಾಗಿದೆ. ಇನ್ನೊಂದು ರೊಟ್ಟಿ ಹಾಕಿ, ತಾಯಿ.”

ನಾನಿ ರೊಟ್ಟಿ ಹಾಕಿದಳು. ನಾನಾ ಕೈ ಜೋಡಿಸಿ ನಿಂತರು. “ಬಡವರ ಮನಿರಿ ಸಾಹೇಬ್ರ. ಇಷ್ಟ ಐತ್ರಿ. ತಪ್ಪ ತಿಳ್ಕೋಬ್ಯಾಡ್ರಿ.”

ಹುಟ್ಟಿದಾಗಿನಿಂದ ನಾನಾ ತನ್ನನ್ನು ಬಡವ ಅಂದುಕೊಂಡದ್ದನ್ನು ಮಾಮಾ ಕೇಳಿರಲಿಲ್ಲ. ಮಳೆ ಇಲ್ಲದ ವರ್ಷವೂ ಅಂದಿರಲಿಲ್ಲ.

ಅತಿಥಿಗಳು ಹೊರಟಾಗ ಮಾಮಾ ಅವರ ಜೊತೆಗೇ ಹೊರಟರು, ಹಿಂದೆ ಉಳಿದು ಅಪ್ಪನ ಮುಖ ನೋಡುವ ಧೈರ್ಯ ಆಗಲಿಲ್ಲ. ಗದಗಿಗೆ ಹೋಗುವ ಬಸ್ಸಿನಲ್ಲಿ ಹುಬ್ಬಳ್ಳಿಯ ಹುಡುಗ ಪಕ್ಕದವನಿಗೆ, “ಪಾಪ, ಕೋಳಿಗೂ ಗತಿ ಇಲ್ಲ ಕಾಣಸ್ತೈತಿ,” ಅಂದ. ಮಾಮಾನಿಗೆ ಕೇಳಿಸಿತು. ನಮ್ಮಪ್ಪನಷ್ಟು ಉಣಿಸಿದವರು ಈ ಕಡೆ ಯಾರೂ ಇಲ್ಲ ಅಂತ ಎದ್ದು ಹೇಳಬಹುದಿತ್ತು, ಹೇಳಿದರೆ ಪಾತೇಲಿಯ ಮಾತೂ ಬರುತ್ತದೆ ಅಂತ ಕಿಟಕಿಯಾಚೆ ನೋಡಿದರು. “ಬಾಯಿ ಮುಚ್ಚಲೇ,” ಅಂತ ಗದರಿದವನು ಹೇಮಪ್ಪ. ಆಮೇಲೆ ಮಾಮಾನ ಕಿವಿಯಲ್ಲಿ, “ನಮ್ಮಪ್ಪ ಆಗಿದ್ರ ಬಡಿಸೇ ಬಿಡ್ತಿದ್ದ ದೋಸ್ತ. ಮಗನ ಮಾನ ಹೋದ್ರ ಹೋಗ್ಲಿ ಅಂತಿದ್ದ,” ಅಂದ. ಮನೆಯಲ್ಲಿ ಆ ಸಾರನ್ನು ಯಾರೂ ಮುಟ್ಟಲಿಲ್ಲ. ಸಂಜೆ ಬುಟ್ಟಿ ಎತ್ತಿ ನೋಡಿದ ನಾನಿ ಗೋಡೆಗೆ ಮುಖ ಮಾಡಿ ಅತ್ತಳು, ಅಮ್ಮ ಒಯ್ದು ತಿಪ್ಪೆಗೆ ಸುರಿದು ಬಂದಳು.

ಆ ವರ್ಷ ಮಾಮಾ ಊರಿಗೆ ಬಂದದ್ದು ಹಬ್ಬಕ್ಕಷ್ಟೇ, ಬಂದರೂ ನಮಾಜು ಮುಗಿಸಿ ಊಟ ಮಾಡಿ ಬಸ್ಸು ಹಿಡಿಯುವುದು. ನಾನಾ ಯಾಕೆ ಹಾಗೆ ಮಾಡಿದಿ ಅಂತ ಕೇಳಲಿಲ್ಲ, ಕೇಳಿದ್ದರೆ ಹಗುರ ಆಗುತ್ತಿತ್ತೇನೋ. ಪ್ರಬಂಧದಲ್ಲಿ ಆ ಮೊದಲ ಸಾಲು ಹಾಗೇ ಇತ್ತು. ಹೊಡೆದುಹಾಕಬೇಕು ಅಂತ ಪೆನ್ನು ತೆಗೆಯುವುದು, ಹಾಗೆ ಮಾಡಿದರೆ ಅಪ್ಪ ಜುಣಕ ಬಡಿಸಿದ್ದೂ ದಂಡ ಆಯಿತಲ್ಲ ಅನಿಸುವುದು, ಪೆನ್ನು ಮುಚ್ಚುವುದು.

ಮತ್ತೆ ಥಂಡಿ ಬಂತು. ಅಮ್ಮನ ಬಲವಂತಕ್ಕೆ ಮಾಮಾ ಊರಿಗೆ ಬಂದವರು, ಅಪ್ಪ ಹೊಲದಲ್ಲಿದ್ದಾರೆ ಅಂದದ್ದಕ್ಕೆ ಅಲ್ಲಿಗೇ ಹೋದರು. ಕಡಲೆ ಹೊಲದ ತುಂಬ ಬಾತುಗಳು ಮೇಯುತ್ತಿದ್ದವು, ನಾನಾ ಬದುವಿನ ಮೇಲೆ ಕೂತು ನೋಡುತ್ತಿದ್ದರು.

“ಅಬ್ಬಾ, ಕಡ್ಲಿ ತಿನ್ನಾಕತ್ತಾವ. ಓಡಸ್ರಿ.”

“ತಿನ್ಲಿ.”

“ಉರುಳು ಎಲ್ಲಿ?”

“ಸುಟ್ಟೇನಿ.”

ನಾನಾ ಹಕ್ಕಿಗಳ ಮೇಲಿನ ಕಣ್ಣು ತೆಗೆಯಲಿಲ್ಲ. “ಯಾರೂ ಮುಟ್ಟಂಗಿಲ್ಲ ಅಂತ ನೀ ಬರದಿ. ನಾ ಮುಟ್ಟಿದ್ರ ನೀ ಸುಳ್ಳ ಆಗ್ತಿ.” ಆಮೇಲೆ ತಾವೇ ಅಂದರು. “ಮೊನ್ನೆ ಬಾನುನ ಕಡೆ ಬೀಗರು ಬಂದಿದ್ರು. ಕೋಳಿ ಹಾಕಿದೆ. ಮಗಾ ಎಂ.ಎ. ಆಗಾಕತ್ತಾನ, ಶೇಖಸಾಬ ದೊಡ್ಡ ಮನಷಾ ಆದ, ನಮ್ಮ ಮ್ಯಾಲೆ ಮನಸ್ಸಿಲ್ಲ ಅಂದು ಹ್ವಾದ್ರು.”

ತಪ್ಪಾಯಿತು ಅನ್ನುವ ಮಾತು ಮಾಮಾನ ಎದೆಯವರೆಗೆ ಬಂದು ಅಲ್ಲೇ ಕೂತಿತು. ಇಬ್ಬರೂ ಬದುವಿನ ಮೇಲೆ ಕೂತು, ತಮ್ಮ ಬೆಳೆಯನ್ನು ಹಕ್ಕಿಗಳು ತಿನ್ನುವುದನ್ನು ನೋಡಿದರು.

ಎಂಬತ್ತೈದರ ಬೇಸಿಗೆಯಲ್ಲಿ ವೈವಾ ಆಯಿತು. ಹೊರಗಿನ ಪರೀಕ್ಷಕರು ಮೈಸೂರಿನವರು, ಪ್ರಬಂಧ ಅವರಿಗೂ ಬಹಳ ಹಿಡಿಸಿತ್ತು, ಫಸ್ಟ್ ಕ್ಲಾಸ್ ಬಾಗಿಲಲ್ಲೇ ನಿಂತಿತ್ತು. ಕೊನೆಗೆ ಪ್ರೀತಿಯಿಂದಲೇ ಕೇಳಿದರು. “ನಿಮ್ಮಲ್ಲಿ ಈ ಪದ್ಧತಿ ಎಷ್ಟು ಹಳೆಯದು? ಅಜ್ಜ ಮುತ್ತಜ್ಜರ ಕಾಲದ್ದೇ?”

ಪಕ್ಕದಲ್ಲಿ ಕೂತ ಪ್ರೊಫೆಸರ್ ತಮ್ಮ ಪೆನ್ನು ನೋಡುತ್ತಿದ್ದರು. ಹೌದು ಅಂದರೆ ಮುಗಿಯುತ್ತಿತ್ತು. ಮಾಮಾನಿಗೆ ಸುಟ್ಟ ಉರುಳಿನ ನೆನಪಾಯಿತು. ಅದನ್ನು ಸುಟ್ಟ ಅಪ್ಪನ ಮನೆ ಇರಲೇ ಇಲ್ಲ ಅನ್ನುವ ಹಾಗೆ ಮತ್ತೊಮ್ಮೆ ಹೇಳಲು ಆಗಲಿಲ್ಲ.

“ಊರಿಂದು ಹಳೇದ್ರಿ ಸರ್. ನಮ್ಮ ಮನಿದು ಹ್ವಾದ ಥಂಡಿಯಿಂದ.”

“ಅದಕ್ಕೆ ಮೊದಲು?”

“ಹಿಡದು ತಿಂತಿದ್ವಿ ಸರ್. ಬಂದವರಿಗೂ ಉಣಸ್ತಿದ್ವಿ. ನಾನೂ ತಿಂದೇನಿ.”

“ಹಾಗಾದರೆ ಒಬ್ಬರೂ ಮುಟ್ಟುವುದಿಲ್ಲ ಅಂತ ಬರೆದದ್ದು?”

“ಸುಳ್ಳ ಬರದಿದ್ದೆ ಸರ್. ನಮ್ಮಪ್ಪ ಅದನ್ನ ಖರೆ ಮಾಡ್ಯಾನ.”

ಪರೀಕ್ಷಕರು ಪ್ರಬಂಧ ಮುಚ್ಚಿ ಬದಿಗಿಟ್ಟರು. ಸೆಕೆಂಡ್ ಕ್ಲಾಸ್ ಬಂತು.

ಹೊರಗೆ ಬಂದಾಗ ಪ್ರೊಫೆಸರ್ ಹಿಂದೆಯೇ ಬಂದು ಹೆಗಲ ಮೇಲೆ ಕೈ ಇಟ್ಟರು. ಬೈಯಲಿಲ್ಲ. “ಶೇಖಸಾಬರಿಗೆ ಹೇಳು, ಇನ್ನೊಮ್ಮೆ ಊಟಕ್ಕೆ ಬರುತ್ತೇನೆ. ಹಕ್ಕಿ ಇಲ್ಲದ ದಿನ ನೋಡಿ ಬರುತ್ತೇನೆ,” ಅಂದರು.

ಊರಿಗೆ ಬಂದು ಮಾಮಾ ಎಲ್ಲ ಹೇಳಿದರು, ವೈವಾದಲ್ಲಿ ಅಂದದ್ದು, ಬಂದ ಕ್ಲಾಸು, ಯಾವುದನ್ನೂ ಮುಚ್ಚಲಿಲ್ಲ. ನಾನಾ ಕ್ಲಾಸಿನ ಬಗ್ಗೆ ಕೇಳಲಿಲ್ಲ.

“ನಿಮ್ಮ ಸಾಹೇಬ್ರು ಏನಂದ್ರು?”

“ಮತ್ತ ಊಟಕ್ಕ ಬರ್ತಾರಂತ.”

“ಯಾವಾಗ?”

“ಹಕ್ಕಿ ಇಲ್ಲದಾಗಂತ.”

ನಾನಾ ಕಟ್ಟೆಯ ಮೇಲೆ ಕುಸಿದು ಕೂತರು. “ಹಂಗಾರ ಅವತ್ತ ಅವರಿಗೆ ಗೊತ್ತಿತ್ತು.”

“ಗೊತ್ತಿತ್ತು ಅಬ್ಬಾ.”

ನಾನಾ ಹೆಗಲ ಮೇಲಿನ ಟವೆಲನ್ನು ತಲೆ ಮೇಲಿಂದ ಮುಖದ ತುಂಬ ಎಳೆದುಕೊಂಡರು. ಟವೆಲಿನ ಒಳಗಿನಿಂದ ಮಾತು ಬಂತು. “ಬಾಜೂ ಮನಿ ಅಂದೆನಲ್ಲೋ. ಕಣ್ಣ ಹಾಯೂತನಕ ಒಂದ ಮನಿ ಇಲ್ಲ.”

ಮಾಮಾ ಅಪ್ಪನ ಕಾಲ ಬಳಿ ಕೂತರು. ಎದೆಯಲ್ಲಿ ಕೂತಿದ್ದ ಮಾತಿನ ಬದಲು ಕಾಲು ಮುಟ್ಟಿದರು, ನಾನಾ ಕಾಲು ಹಿಂದೆಗೆಯಲಿಲ್ಲ.

ನಾನಿ ಒಳಗಿನಿಂದ ಅಂದಳು. “ಗೊತ್ತಿದ್ದೂ ಎರಡನೇ ರೊಟ್ಟಿ ಕೇಳಿದ್ರಲ್ಲ, ಪಾಪ.”

ಟವೆಲು ಮುಖದಿಂದ ಇಳಿಯಿತು. ನಾನಾ ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಗಳನ್ನು ಒಂದೊಂದಾಗಿ ನೋಡಿದರು, ಬೀಗರು ಮುನಿಸಿಕೊಂಡು ಹೋಗುವಂತೆ ಮಾಡಿದ ಕೋಳಿಗಳನ್ನು.

“ಆ ಕೆಂಪ ಹುಂಜಕ್ಕ ಇವತ್ತಿನಿಂದ ಬ್ಯಾರೆ ಜ್ವಾಳ ಹಾಕು,” ಅಂದರು. “ಸಾಹೇಬ್ರು ಬರೂತನಕ ಅದನ್ನ ಮತ್ತ ಯಾರಿಗೂ ಕೊಯ್ಯೂದು ಬ್ಯಾಡ.”